ಸಾಲ, ಸುಳ್ಳು ಮತ್ತು ನಂಬಿಕೆಯ ಹುದ್ದೆ

(ಬಾನುಲಿ ಭಾಷಣ)

ಭೂಸೇನೆ, ಪೊಲೀಸು, ಗಡಿ ಭದ್ರತಾ ಪಡೆ, ರೈಲ್ವೆ ರಕ್ಷಣಾ ದಳ, ಕಾರವಾರದ ನೌಕಾನೆಲೆ, ಕೈಗಾದ ಅಣುವಿದ್ಯುತ್ ಕೇಂದ್ರ, ಬೆಂಗಳೂರಿನ ವಿಮಾನ ಕಾರ್ಖಾನೆ ಮತ್ತು ರಕ್ಷಣಾ ಸಂಶೋಧನಾಲಯಗಳು, ಇವುಗಳಲ್ಲಿ ಯಾವುದನ್ನು ಸೇರಬೇಕಾದರೂ ಅಭ್ಯರ್ಥಿಯಾದವನು ಎರಡು ಪರೀಕ್ಷೆಗಳನ್ನು ದಾಟಬೇಕಾಗುತ್ತದೆ. ಮೊದಲನೆಯದು ಎಲ್ಲರಿಗೂ ಗೊತ್ತಿರುವಂಥದು: ಓಟ, ಎತ್ತರ, ಎದೆಯ ಅಳತೆ, ಗಣಿತ, ಸಾಮಾನ್ಯ ಜ್ಞಾನ. ಎರಡನೆಯದಕ್ಕೆ ಪ್ರಶ್ನಪತ್ರಿಕೆಯೂ ಇಲ್ಲ, ಅಂಕಪಟ್ಟಿಯೂ ಇಲ್ಲ. ಈ ಮನುಷ್ಯನನ್ನು ನಂಬಬಹುದೆ ಎಂಬ ಒಂದೇ ಪ್ರಶ್ನೆಯನ್ನು ಅಲ್ಲಿ ಅವನಿಗಲ್ಲ, ಅವನ ಊರಿಗೆ, ಠಾಣೆಯ ಕಡತಕ್ಕೆ, ಅವನು ಸಹಿ ಹಾಕಿದ ಕಾಗದಕ್ಕೆ ಕೇಳಲಾಗುತ್ತದೆ. ಕಚೇರಿಯ ಭಾಷೆಯಲ್ಲಿ ಇದಕ್ಕೆ ಗುಣನಡತೆ ಹಾಗೂ ಪೂರ್ವಾಪರಗಳ ಪರಿಶೀಲನೆ ಎಂದು ಹೆಸರು. ರಾಜ್ಯದ ರಹಸ್ಯಗಳು ಕೈಸೇರುವ ಹುದ್ದೆಗಳಲ್ಲಿ ಈ ಪರಿಶೀಲನೆ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಅದರ ಫಲವಾಗಿ ದೊರೆಯುವ ಅರ್ಹತೆಯನ್ನೇ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಭದ್ರತಾ ಅನುಮತಿ, ಎಂದು ಕರೆಯುವುದು.

ನಮ್ಮ ಆಡೂರಿನಂಥ ಊರುಗಳಿಂದ, ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಗಳಿಂದ ಇಂಥ ಕೆಲಸಗಳಿಗೆ ಅರ್ಜಿ ಹಾಕುವ ತರುಣರು ಹಲವರು. ಅವರಲ್ಲಿ ಬಹುಮಂದಿ ಒಕ್ಕಲು ಮನೆತನದವರು. ಭತ್ತವೋ ಗೋವಿನಜೋಳವೋ ಹತ್ತಿಯೋ ಬೆಳೆಯುವ ಮನೆ. ಮಳೆ ಕೈಕೊಟ್ಟ ವರ್ಷ ಸೊಸೈಟಿಯಲ್ಲಿ ಸಾಲ, ಬ್ಯಾಂಕಿನಲ್ಲಿ ಸಾಲ, ಸಂಘದಲ್ಲಿ ಸಾಲ, ಕೊನೆಗೆ ಪರಿಚಿತರಲ್ಲಿ ಕೈಗಡ. ಇಂಥ ಮನೆಯ ಹುಡುಗನಿಗೆ ನಮೂನೆ ತುಂಬುವ ಹೊತ್ತಿಗೆ ಒಂದು ಅಳುಕು ಸಹಜವಾಗಿಯೇ ಹುಟ್ಟುತ್ತದೆ. ಅಪ್ಪನ ಸಾಲ ನನ್ನ ನೌಕರಿಗೆ ಅಡ್ಡ ಬರುತ್ತದೆಯೆ? ಜಾತ್ರೆಯಲ್ಲಿ ನಡೆದ ಹೊಡೆದಾಟದಲ್ಲಿ ನನ್ನ ಹೆಸರೂ ಸೇರಿತ್ತಲ್ಲ, ಅದನ್ನು ಬರೆಯಬೇಕೆ? ಆಗ ಪಕ್ಕದಲ್ಲಿದ್ದ ಹಿತೈಷಿಯೊಬ್ಬ, “ಸುಮ್ಮನೆ ‘ಇಲ್ಲ’ ಅಂತ ಬರಿ ತಮ್ಮಾ, ಯಾರಿಗೆ ಗೊತ್ತಾಗ್ತದ?” ಎಂದು ಧೈರ್ಯ ಹೇಳುತ್ತಾನೆ. ಎಷ್ಟೋ ಬಾರಿ ಆ ಹುಡುಗನ ಬಾಳನ್ನು ಕೆಡಿಸುವುದು ಅಪ್ಪನ ಸಾಲವೂ ಅಲ್ಲ, ಜಾತ್ರೆಯ ಹೊಡೆದಾಟವೂ ಅಲ್ಲ, ಈ ಹಿತೋಪದೇಶ. ಅದೇಕೆ ಹಾಗೆ ಎಂಬುದನ್ನು ಇಂದು ಸ್ವಲ್ಪ ವಿವರವಾಗಿ ನೋಡೋಣ.

ಮೊದಲಿಗೆ, ಒಬ್ಬನ ಮನೆಯ ಸಾಲದ ಗೊಡವೆ ರಾಜ್ಯಕ್ಕೇಕೆ ಎಂಬ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಹಳೆಯ ಭಾಷೆಯಲ್ಲೇ ಅಡಗಿದೆ. ಕನ್ನಡದಲ್ಲಿ ‘ಸಾಲ’ ಎಂಬುದೊಂದು ಮಾತು, ‘ಋಣ’ ಎಂಬುದು ಇನ್ನೊಂದು. ಸಾಲ ಲೆಕ್ಕದ ಪುಸ್ತಕದಲ್ಲಿ ಮುಗಿಯುತ್ತದೆ. ಋಣ ಮನಸ್ಸಿನಲ್ಲಿ ಉಳಿಯುತ್ತದೆ. ಪ್ರಾಚೀನ ಕನ್ನಡದಲ್ಲಿ ‘ಜೋಳವಾಳಿ’ ಎಂಬ ಒಂದು ಅರ್ಥವತ್ತಾದ ಶಬ್ದವಿದೆ. ಪಂಪನ ಕಾಲಕ್ಕೆ ಚೆನ್ನಾಗಿ ಬಳಕೆಯಲ್ಲಿದ್ದ ಕಲ್ಪನೆ ಅದು. ಒಡೆಯನು ಹಾಕಿದ ಜೋಳವನ್ನು ಉಂಡವನು, ಸಮಯ ಬಂದಾಗ ಪ್ರಾಣವನ್ನಾದರೂ ಕೊಟ್ಟು ಆ ಅನ್ನದ ಋಣವನ್ನು ತೀರಿಸಬೇಕು ಎಂಬುದು ಅದರ ತಾತ್ಪರ್ಯ. ಹಾನಗಲ್ಲಿನ ಸುತ್ತ ನಿಂತಿರುವ ವೀರಗಲ್ಲುಗಳ ಹಿಂದೆ ಇರುವ ನೀತಿಯೂ ಇದೇ. ಯೋಧನ ನಿಷ್ಠೆಯನ್ನು ನಮ್ಮ ಹಿರಿಯರು ಋಣದ ಭಾಷೆಯಲ್ಲೇ ಅರ್ಥಮಾಡಿಕೊಂಡರು. ಅವನು ಯಾರ ಋಣದಲ್ಲಿದ್ದಾನೆ ಎಂದು ತಿಳಿದರೆ ಯಾರ ಪರವಾಗಿ ನಿಲ್ಲುವನೆಂದೂ ತಿಳಿಯಿತು.

ಹಾಗಾದರೆ, ಅದೇ ಯೋಧನಿಗೆ ಇನ್ನೊಬ್ಬ ಧಣಿ ಗುಟ್ಟಾಗಿ ಇದ್ದರೆ? ಹಗಲು ಒಬ್ಬನ ಜೋಳ ಉಂಡು, ಇರುಳು ಇನ್ನೊಬ್ಬನಿಗೆ ಬಡ್ಡಿ ಕಟ್ಟಲಾರದೆ ತಲೆತಗ್ಗಿಸಿ ನಿಲ್ಲಬೇಕಾದ ಸ್ಥಿತಿ ಅವನದಾದರೆ? ನಮ್ಮ ಆಡುಮಾತಿನಲ್ಲಿ ಹೇಳುವುದಾದರೆ ಅವನ ಜುಟ್ಟು ಪರರ ಕೈಯಲ್ಲಿದೆ. ಭದ್ರತಾ ಪರಿಶೀಲನೆ ಎಂಬ ದೊಡ್ಡ ಯಂತ್ರವೆಲ್ಲ ಹುಡುಕುವುದು ಈ ಒಂದು ಸಂಗತಿಯನ್ನು: ಇವನ ಜುಟ್ಟು ಯಾರ ಕೈಯಲ್ಲಾದರೂ ಇದೆಯೆ? ಸಾಲದ ಮೊತ್ತಕ್ಕಿಂತ ಆ ಸಾಲ ಅವನನ್ನು ಯಾರ ಮುಂದೆ ಬಾಗಿಸಬಲ್ಲುದು ಎಂಬುದು ಇಲ್ಲಿ ಮುಖ್ಯ.

ಈ ವಿಚಾರ ಇಂದು ನಿನ್ನೆಯದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದರ ಶಾಸ್ತ್ರವೇ ಇದೆ. ರಾಜನು ತನ್ನ ಅಮಾತ್ಯರನ್ನು ನಾಲ್ಕು ಬಗೆಯ ಗುಪ್ತ ಪರೀಕ್ಷೆಗಳಿಂದ ಶೋಧಿಸಬೇಕೆಂದು ಕೌಟಿಲ್ಯ ಹೇಳುತ್ತಾನೆ. ಅವು ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಉಪಧೆಗಳು. ಹಣದ ಆಮಿಷಕ್ಕೆ ಬಗ್ಗದವನನ್ನು ಬೊಕ್ಕಸದ ಮತ್ತು ಕಂದಾಯದ ಮೇಲಧಿಕಾರಕ್ಕೆ ನೇಮಿಸಬೇಕು. ನಾಲ್ಕರಲ್ಲಿಯೂ ಗೆದ್ದವನನ್ನು ಮಂತ್ರಿಯಾಗಿಸಬೇಕು ಎಂಬುದು ಅವನ ಕ್ರಮ. ಯಾವ ಪರೀಕ್ಷೆಯಲ್ಲಿ ಗೆದ್ದನೋ ಅದಕ್ಕೆ ತಕ್ಕ ಹುದ್ದೆ. ಇಂದಿನ ಭದ್ರತಾ ಅನುಮತಿಯಲ್ಲಿ ಇರುವ ಮೇಲು ಕೆಳಗಿನ ಹಂತಗಳಿಗೂ ಇದಕ್ಕೂ ಹೋಲಿಕೆ ಸ್ಪಷ್ಟವಾಗಿಯೇ ಇದೆ.

ಅದಕ್ಕಿಂತ ಸ್ವಾರಸ್ಯವಾದುದು ಇನ್ನೊಂದು ಪಟ್ಟಿ. ಶತ್ರುವಿನ ಗೂಢಚಾರರು ನಮ್ಮವರಲ್ಲಿ ಯಾರನ್ನು ಸುಲಭವಾಗಿ ಒಡೆದುಕೊಳ್ಳಬಲ್ಲರು ಎಂದು ಕೌಟಿಲ್ಯ ಲೆಕ್ಕಹಾಕುತ್ತಾನೆ: ಕೋಪಗೊಂಡವರು, ಹೆದರಿದವರು, ಅಭಿಮಾನಭಂಗವಾದವರು ಮತ್ತು ಲುಬ್ಧರು. ಈ ಲುಬ್ಧವರ್ಗದಲ್ಲಿ ಅವನು ಹೆಸರಿಸುವುದು ಬರಿಯ ದುರಾಸೆಯವರನ್ನಷ್ಟೇ ಅಲ್ಲ. ಸಿರಿಯಿಂದ ಇಳಿದು ಬಡವಾದವನು, ತನ್ನ ಸ್ವತ್ತನ್ನು ಪರರಿಗೆ ಕಳೆದುಕೊಂಡವನು, ವ್ಯಸನಿ, ಕೈಮೀರಿದ ವ್ಯವಹಾರದಲ್ಲಿ ಸಿಕ್ಕಿಕೊಂಡವನು ಕೂಡ ಅದರೊಳಗೆ ಬರುತ್ತಾರೆ. ಜೂಜು, ಕುಡಿತ, ಮೀಟರ್ ಬಡ್ಡಿ, ಕೈಮೀರಿದ ದಂಧೆ, ಎಲ್ಲವೂ ಈ ಪಟ್ಟಿಯಲ್ಲಿ ಅಡಕವಾಗಿವೆ. ಮನುಷ್ಯಸ್ವಭಾವ ಎರಡು ಸಾವಿರ ವರ್ಷಗಳಲ್ಲಿ ಅಷ್ಟೇನೂ ಬದಲಾಗಿಲ್ಲವೆಂದು ತೋರುತ್ತದೆ.

ಬದಲಾಗಿಲ್ಲವೆಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನ ಅಮೆರಿಕದ್ದು. ಅಲ್ಲಿಯ ಕೇಂದ್ರ ಗುಪ್ತಚರ ಸಂಸ್ಥೆಯಲ್ಲಿ ಆಲ್ಡ್ರಿಚ್ ಏಮ್ಸ್ ಎಂಬ ಅಧಿಕಾರಿಯಿದ್ದ. ವಿವಾಹವಿಚ್ಛೇದನದ ಖರ್ಚು, ಮಿತಿಮೀರಿದ ವೆಚ್ಚಗಳಿಂದ ಸಾಲಕ್ಕೆ ಬಿದ್ದ ಈತ ೧೯೮೫ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರಿ ಕಚೇರಿಗೆ ತಾನಾಗಿಯೇ ನಡೆದುಹೋದ. ಮೊದಲು ದೊರೆತ ಬೆಲೆ ೫೦ ಸಾವಿರ ಡಾಲರು. ಅಷ್ಟಕ್ಕೆ ನಿಲ್ಲಿಸಿಬಿಡುವೆನೆಂದು ಅವನು ಅಂದುಕೊಂಡಿದ್ದಿರಬಹುದು. ಆದರೆ ಇಂಥ ಋಣ ಒಂದೇ ಕಂತಿನಲ್ಲಿ ತೀರುವಂಥದಲ್ಲ. ೧೯೯೪ರ ಫೆಬ್ರವರಿಯಲ್ಲಿ ಅವನು ಬಂಧಿತನಾಗುವವರೆಗೆ ಸುಮಾರು ಒಂಬತ್ತು ವರ್ಷ ಅದು ನಡೆಯಿತು. ಅವನು ಹೆಸರು ತಿಳಿಸಿದ್ದರಿಂದ ಪ್ರಾಣ ಕಳೆದುಕೊಂಡವರು ಹಲವರು. ಆ ವರ್ಷಗಳಲ್ಲಿ ಅವನು ನಗದು ಕೊಟ್ಟು ದೊಡ್ಡ ಮನೆ ಕೊಂಡ, ಜಾಗ್ವಾರ್ ಕಾರಿನಲ್ಲಿ ಕಚೇರಿಗೆ ಬಂದ. ಕೇಳಿದವರಿಗೆ, ಹೆಂಡತಿಯ ತವರುಮನೆ ಶ್ರೀಮಂತವಾದುದು ಎಂದು ಹೇಳುತ್ತಿದ್ದ. ಕೇಳಿದವರು ನಂಬಿದರು. ಇಲ್ಲಿ ಸಾಲವು ಬಾಗಿಲನ್ನು ತೆರೆಯಿತು, ಸುಳ್ಳು ಆ ಬಾಗಿಲನ್ನು ಒಂಬತ್ತು ವರ್ಷ ಮುಚ್ಚದಂತೆ ಹಿಡಿದಿತ್ತು. ಎರಡನ್ನೂ ಒಟ್ಟಿಗೆ ನೋಡಬೇಕೆಂದು ಪರಿಶೀಲಕರು ಒತ್ತಿ ಹೇಳುವುದು ಈ ಕಾರಣಕ್ಕಾಗಿಯೇ.

ನಮ್ಮ ದೇಶದಲ್ಲಿಯೂ ಇಂಥವು ನಡೆಯದೆ ಇಲ್ಲ. ೧೯೮೫ರ ಜನವರಿಯಲ್ಲಿ ದೆಹಲಿಯಲ್ಲಿ ಬಯಲಾದ ಕೂಮಾರ್ ನಾರಾಯಣ್ ಗೂಢಚರ್ಯೆಯ ಪ್ರಕರಣ ಪ್ರಧಾನಮಂತ್ರಿಗಳ ಕಚೇರಿಯವರೆಗೂ ಹಬ್ಬಿತ್ತು. ರಹಸ್ಯಪತ್ರಗಳು ಹೊರಹೋದದ್ದು ಮಂತ್ರಿಗಳ ಕೈಯಿಂದಲ್ಲ. ಕಾಗದ ಬೆರಳಚ್ಚು ಮಾಡುವ, ಕಡತ ಸಾಗಿಸುವ ಸಿಬ್ಬಂದಿಯ ಕೈಯಿಂದ. ಅವರಿಗೆ ದೊರೆತ ಪ್ರತಿಫಲ ಹಣ ಮತ್ತು ಮದ್ಯ. ಪ್ರಧಾನಿಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಪಿ. ಸಿ. ಅಲೆಕ್ಸಾಂಡರ್ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ನಮಗೆ ಇನ್ನೂ ಹತ್ತಿರದ್ದು ೨೦೧೯ರ ಡಿಸೆಂಬರ್ ತಿಂಗಳಿನದು. ವಿಶಾಖಪಟ್ಟಣ, ಮುಂಬಯಿ ಮತ್ತು ನಮ್ಮ ಕಾರವಾರದ ನೌಕಾನೆಲೆಗಳಿಂದ ಏಳು ಮಂದಿ ನಾವಿಕರನ್ನು ಬಂಧಿಸಲಾಯಿತು. ಸಾಮಾಜಿಕ ಜಾಲತಾಣಗಳಲ್ಲಿ ಸ್ನೇಹ ಬೆಳೆಸಿದ ಅಪರಿಚಿತರಿಗೆ ಹಡಗುಗಳ ಚಲನವಲನ ತಿಳಿಸಿ ಹಣ ಪಡೆದರೆಂಬುದು ಅವರ ಮೇಲಿನ ಆರೋಪ. ಅದೇ ತಿಂಗಳಲ್ಲಿ ನೌಕಾಪಡೆಯು ತನ್ನ ನೆಲೆಗಳಲ್ಲಿ ಸ್ಮಾರ್ಟ್‌ಫೋನನ್ನೂ ಫೇಸ್‌ಬುಕ್ಕನ್ನೂ ನಿಷೇಧಿಸಿತು. ಈ ಉದಾಹರಣೆಗಳಿಂದ ತಿಳಿಯಬೇಕಾದುದು ಇಷ್ಟು: ರಹಸ್ಯ ಕಾಯುವವನು ದೊಡ್ಡ ಅಧಿಕಾರಿಯೇ ಆಗಬೇಕಿಲ್ಲ. ಹಡಗು ಯಾವಾಗ ಹೊರಡುತ್ತದೆಂದು ಬಲ್ಲ ಹುಡುಗನೂ ರಾಜ್ಯದ ಬೀಗದ ಕೈಯನ್ನು ಹಿಡಿದವನೇ.

ಇನ್ನು ಕಾನೂನಿಗೆ ಬರೋಣ. ಕೇಂದ್ರ ಸರಕಾರಿ ನೌಕರರಿಗೆ ೧೯೬೪ರ ನಡತೆ ನಿಯಮಗಳು ಅನ್ವಯಿಸುತ್ತವೆ. ಅವುಗಳಲ್ಲಿ ೧೭ನೆಯ ನಿಯಮ ಸಾಲಕ್ಕೇ ಮೀಸಲು. ನೌಕರನು ತನ್ನ ಖಾಸಗಿ ವ್ಯವಹಾರವನ್ನು ಸದಾ ಸಾಲದಲ್ಲಿ ಮುಳುಗಿರದಂತೆ, ದಿವಾಳಿಯಾಗದಂತೆ ನಡೆಸಿಕೊಳ್ಳಬೇಕು. ಸಾಲದ ವಸೂಲಿಗಾಗಿ ಅಥವಾ ದಿವಾಳಿ ಎಂದು ಘೋಷಿಸುವುದಕ್ಕಾಗಿ ಅವನ ಮೇಲೆ ನ್ಯಾಯಾಲಯದಲ್ಲಿ ದಾವೆ ಹೂಡಿದರೆ, ಅದರ ಸಂಪೂರ್ಣ ವಿವರವನ್ನು ಅವನೇ ಕೂಡಲೇ ಸರಕಾರಕ್ಕೆ ತಿಳಿಸಬೇಕು. ಈ ನಿಯಮದ ಬೆನ್ನಿಗೆ ಒಂದು ಟಿಪ್ಪಣಿಯೂ ಇದೆ. ತನ್ನ ಕೈಮೀರಿದ, ಮುಂದಾಗಿ ಕಾಣಲಾಗದ ಕಾರಣಗಳಿಂದ ಆ ಸ್ಥಿತಿ ಬಂತೇ ಹೊರತು ದುಂದುವೆಚ್ಚದಿಂದಲ್ಲ ಎಂದು ತೋರಿಸಿಕೊಡುವ ಹೊಣೆ ನೌಕರನದು. ನಮ್ಮ ರಾಜ್ಯದ ನೌಕರರಿಗೆ ೧೯೬೬ರ ನಡತೆ ನಿಯಮಗಳಿದ್ದವು. ಅವುಗಳ ಸ್ಥಾನದಲ್ಲಿ ೨೦೨೧ರಲ್ಲಿ ಹೊಸ ನಿಯಮಗಳು ಬಂದವು. ಪ್ರತಿವರ್ಷ ಆಸ್ತಿ ಮತ್ತು ಹೊಣೆಗಾರಿಕೆಗಳ ಪಟ್ಟಿ ಸಲ್ಲಿಸುವ ಪದ್ಧತಿ ಎಲ್ಲ ಸರಕಾರಿ ನೌಕರರಿಗೂ ಪರಿಚಿತವೇ. ಹೊಣೆಗಾರಿಕೆ ಎಂದರೆ ಇಲ್ಲಿ ಸಾಲವೆಂದೇ ಅರ್ಥ.

ಕೇಳುಗರು ಒಂದು ಅಂಶವನ್ನು ಇಲ್ಲಿ ಗಮನಿಸಬೇಕು. ಸಾಲವನ್ನೇ ಮಾಡಬಾರದೆಂದು ನಿಯಮ ಹೇಳುವುದಿಲ್ಲ. ಮನೆ ಕಟ್ಟಲು, ಮಕ್ಕಳ ಓದಿಗೆ, ಕಾಯಿಲೆಗೆ ಸಾಲ ಮಾಡದ ನೌಕರ ಎಲ್ಲಿದ್ದಾನೆ? ನಿಯಮ ಕೇಳುವುದು ಎರಡನ್ನೇ: ಸಾಲ ಚಾಳಿಯಾಗಬಾರದು, ಬಿಕ್ಕಟ್ಟು ಬಂದಾಗ ಮುಚ್ಚಿಡಬಾರದು. ಕೆಲಸಕ್ಕೆ ಸೇರುವಾಗ ತುಂಬಿಸಿಕೊಳ್ಳುವ ಸಾಮಾನ್ಯ ದೃಢೀಕರಣ ನಮೂನೆಯಲ್ಲಂತೂ ಅಪ್ಪನ ಬೆಳೆಸಾಲದ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿ ಕೇಳುವುದು ಹಿಂದಿನ ವಾಸಸ್ಥಳಗಳು, ಓದಿದ ಶಾಲೆಗಳು, ಬಂಧನ, ಮೊಕದ್ದಮೆ, ಶಿಕ್ಷೆ, ಪರೀಕ್ಷೆಗಳಿಂದ ಬಹಿಷ್ಕಾರ, ಇಂಥವನ್ನು. ಆದ್ದರಿಂದ ೨೦೨೩ರ ಬರಗಾಲದಲ್ಲಿ ತಂದೆ ಮಾಡಿದ ಸೊಸೈಟಿಯ ಸಾಲಕ್ಕಾಗಿ ಮಗನು ಪೊಲೀಸು ನೌಕರಿಯ ಆಸೆ ಬಿಡಬೇಕಾಗಿಲ್ಲ.

ಆದರೆ ಸ್ವಂತ ಹೆಸರಿನ ಸಾಲದ ಮಾತು ಬೇರೆ. ಹಣ ನಿರ್ವಹಿಸುವ ಹುದ್ದೆಗಳಲ್ಲಿ ಅದನ್ನು ಈಗ ನೇರವಾಗಿಯೇ ನೋಡುತ್ತಾರೆ. ಬ್ಯಾಂಕುಗಳಲ್ಲಿ ಆಯ್ಕೆಯಾದವರ ಸಾಲಚರಿತ್ರೆಯನ್ನು, ಜನ ಸಿಬಿಲ್ ಎಂದು ಕರೆಯುವ ವರದಿಯನ್ನು, ಪರಿಶೀಲಿಸುವ ಪದ್ಧತಿ ಬಂದಿದೆ. ೨೦೨೫ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಇಂಥದೊಂದು ಪ್ರಕರಣ ಬಂದಿತ್ತು. ಸಾಲಚರಿತ್ರೆ ಚೆನ್ನಾಗಿಲ್ಲವೆಂಬ ಕಾರಣಕ್ಕೆ ಭಾರತೀಯ ಸ್ಟೇಟ್ ಬ್ಯಾಂಕು ಅಧಿಕಾರಿ ಹುದ್ದೆಯ ನೇಮಕಾತಿಯನ್ನು ರದ್ದುಮಾಡಿತ್ತು. ಸಾರ್ವಜನಿಕರ ಹಣವನ್ನು ಕಾಯುವವನಿಗೆ ತನ್ನ ಹಣದಲ್ಲಿ ಶಿಸ್ತಿರಬೇಕೆಂದು ಬ್ಯಾಂಕು ಬಯಸಿದರೆ ತಪ್ಪಿಲ್ಲವೆಂದು ನ್ಯಾಯಾಲಯ ಒಪ್ಪಿತು. ಮೊಬೈಲಿನಲ್ಲಿ ಹತ್ತು ನಿಮಿಷದಲ್ಲಿ ದೊರೆಯುವ ಸಾಲ, ರಮ್ಮಿ ಮತ್ತು ಕ್ರಿಕೆಟ್ ಬಾಜಿಯಲ್ಲಿ ಕಳೆದ ಹಣ, ಗೆಳೆಯನಿಗೆ ಹಾಕಿದ ಜಾಮೀನು, ಇವೆಲ್ಲ ಈ ಚರಿತ್ರೆಯಲ್ಲಿ ಒಂದಲ್ಲ ಒಂದು ಬಗೆಯಲ್ಲಿ ಗುರುತು ಬಿಡುತ್ತವೆ. ಅಬಲೂರು-ಮಾಸೂರುಗಳ ಕಡೆಯವನೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಸರ್ವಜ್ಞನು ಸಾಲ ತರುವಾಗಿನ ಸುಖವನ್ನೂ ತೀರಿಸುವಾಗಿನ ಸಂಕಟವನ್ನೂ ಬಲ್ಲವನಾಗಿದ್ದ. ಆದರೆ ಸಾಲಗಾರನ ನಡವಳಿಕೆ ಕಂತು ಕಂತಾಗಿ ದಾಖಲಾಗಿ, ಅವನಿಗಿಂತ ಮೊದಲೇ ಕಚೇರಿ ತಲುಪುವ ಕಾಲವನ್ನು ಅವನು ಕಾಣಲಿಲ್ಲ.

ಅಮೆರಿಕದಲ್ಲಿ ನೆಲೆಸಿ ಅಲ್ಲಿಯ ಪೌರತ್ವ ಪಡೆದ ಕನ್ನಡ ಕುಟುಂಬಗಳ ಮಕ್ಕಳು ಆ ದೇಶದ ರಕ್ಷಣಾ ಕೆಲಸಗಳಿಗೆ ಅರ್ಜಿ ಹಾಕಿದಾಗ ಎದುರಿಸುವ ವ್ಯವಸ್ಥೆ ಇನ್ನೂ ಬಿಚ್ಚಿಟ್ಟದ್ದು. ೨೦೧೭ರ ಜೂನ್ ೮ರಿಂದ ಜಾರಿಯಲ್ಲಿರುವ ಅಲ್ಲಿಯ ನಿರ್ದೇಶನದಲ್ಲಿ ಹದಿಮೂರು ಮಾನದಂಡಗಳಿವೆ. ಅವುಗಳಲ್ಲೊಂದು ಹಣಕಾಸಿನದು, ಇನ್ನೊಂದು ವೈಯಕ್ತಿಕ ನಡವಳಿಕೆಯದು, ಅಂದರೆ ಮುಖ್ಯವಾಗಿ ಪ್ರಾಮಾಣಿಕತೆಯದು. ೧೨೦ ದಿನಗಳಿಗಿಂತ ಹೆಚ್ಚು ಕಾಲ ಬಾಕಿ ಉಳಿದ ಸಾಲಗಳ ವಿವರವನ್ನು ಅಭ್ಯರ್ಥಿ ತಾನೇ ಬರೆದುಕೊಡಬೇಕು. ಆದರೆ ಅದೇ ನಿರ್ದೇಶನ, ಯಾವ ಸಂದರ್ಭಗಳಲ್ಲಿ ಸಾಲವನ್ನು ದೋಷವೆಂದು ಎಣಿಸಬಾರದೆಂಬುದನ್ನೂ ಎಣಿಸಿ ಹೇಳುತ್ತದೆ. ನೌಕರಿ ಹೋಯಿತು, ಮನೆಯಲ್ಲಿ ಕಾಯಿಲೆ ಬಂತು, ದಾಂಪತ್ಯ ಮುರಿಯಿತು, ಆದರೂ ಆ ಮನುಷ್ಯ ಹೊಣೆಯರಿತು ನಡೆದ. ಸಾಲಗಾರರೊಡನೆ ಮಾತಾಡಿ ಕಂತು ಗೊತ್ತುಮಾಡಿಕೊಂಡು ಪ್ರಾಮಾಣಿಕವಾಗಿ ಕಟ್ಟುತ್ತಿದ್ದಾನೆ. ಇಂಥವನಿಗೆ ಅನುಮತಿ ದೊರೆಯಲು ಅಡ್ಡಿಯಿಲ್ಲ. ಹಾಗೆಯೇ, ನಮೂನೆಯಲ್ಲಿ ಏನಾದರೂ ಬಿಟ್ಟುಹೋಗಿದ್ದರೆ, ಯಾರೂ ಹಿಡಿದು ಕೇಳುವ ಮೊದಲೇ ತಾನಾಗಿ ತಿದ್ದಿಕೊಂಡವನ ವಿಷಯದಲ್ಲಿ ಮೃದುವಾಗಿರಬೇಕೆಂದೂ ಅಲ್ಲಿ ಹೇಳಿದೆ. ಬೇಕೆಂದೇ ಸುಳ್ಳು ಬರೆದದ್ದು ಮಾತ್ರ ಐದು ವರ್ಷಗಳವರೆಗೆ ಸೆರೆವಾಸ ತರಬಲ್ಲ ಅಪರಾಧ. ಬಾಕಿ ಸಾಲಕ್ಕೆ ಕ್ಷಮೆಯ ದಾರಿಗಳು ಹಲವು, ಉದ್ದೇಶಪೂರ್ವಕವಾದ ಸುಳ್ಳಿಗೆ ಕೆಲವೇ.

ನಮ್ಮ ನ್ಯಾಯಾಲಯಗಳು ಹಿಡಿದ ದಾರಿಯೂ ಬಹುಮಟ್ಟಿಗೆ ಇದೇ. ದೃಢೀಕರಣ ನಮೂನೆಯ ಆರಂಭದಲ್ಲಿಯೇ ಒಂದು ಎಚ್ಚರಿಕೆ ಅಚ್ಚಾಗಿರುತ್ತದೆ: ಸುಳ್ಳು ಮಾಹಿತಿ ಕೊಡುವುದು ಅಥವಾ ಇದ್ದ ಸಂಗತಿಯನ್ನು ಮರೆಮಾಚುವುದು ಅನರ್ಹತೆಗೆ ಕಾರಣವಾಗುತ್ತದೆ. ೨೦೦೩ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಕೇಂದ್ರೀಯ ವಿದ್ಯಾಲಯದ ದೈಹಿಕ ಶಿಕ್ಷಕರೊಬ್ಬರ ಪ್ರಕರಣ ಬಂತು. ತನ್ನ ಮೇಲೆ ಮೊಕದ್ದಮೆ ನಡೆಯುತ್ತಿದ್ದರೂ ನಮೂನೆಯಲ್ಲಿ ಇಲ್ಲವೆಂದು ಬರೆದಿದ್ದರು. ನಾನು ಹಿಂದಿ ಮಾಧ್ಯಮದಲ್ಲಿ ಓದಿದವನು, ಇಂಗ್ಲಿಷಿನ ಪ್ರಶ್ನೆ ಅರ್ಥವಾಗಲಿಲ್ಲ ಎಂಬ ಅವರ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ; ಪದವಿಗಳನ್ನು ಪಡೆದ ಶಿಕ್ಷಕನ ಬಾಯಲ್ಲಿ ಆ ಮಾತು ಸಲ್ಲದೆಂದಿತು. ಆ ಮೊಕದ್ದಮೆಯನ್ನು ಆಮೇಲೆ ಸರಕಾರ ಹಿಂತೆಗೆದುಕೊಂಡಿತ್ತಾದರೂ ಕೆಲಸ ಉಳಿಯಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಈ ತೀರ್ಪನ್ನು ನೆನಪಿಡಬೇಕು. ಅರ್ಥವಾಗದ ಪ್ರಶ್ನೆಯ ಎದುರು ಉತ್ತರ ಬರೆಯುವ ಮೊದಲು ಬಲ್ಲವರನ್ನು ಕೇಳಬೇಕು.

ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ೨೦೧೧ರಲ್ಲಿ ದೆಹಲಿ ಪೊಲೀಸಿನ ಅಭ್ಯರ್ಥಿಯೊಬ್ಬನ ಪ್ರಕರಣದಲ್ಲಿ, ಇಪ್ಪತ್ತರ ಹರೆಯದಲ್ಲಿ ಆದ ಜಗಳವೊಂದು ರಾಜಿಯಲ್ಲಿ ಮುಗಿದಿದ್ದು, ಅರ್ಜಿಯಲ್ಲಿ ಅವನು ಅದನ್ನು ಹೇಳಿರಲಿಲ್ಲ. ನ್ಯಾಯಾಲಯ ಅವನ ಮೇಲೆ ಕನಿಕರ ತೋರಿತು. ಆ ತೀರ್ಪು ಬರೆದ ನ್ಯಾಯಮೂರ್ತಿಗಳು ವಿಕ್ಟರ್ ಹ್ಯೂಗೋನ ಕಾದಂಬರಿಯ ಜಾನ್ ವಾಲ್ಜಾನನನ್ನು ನೆನೆದರು. ಹಸಿದವರಿಗಾಗಿ ರೊಟ್ಟಿ ಕದ್ದು ಜೀವಮಾನವೆಲ್ಲ ಕಳ್ಳನೆನಿಸಿಕೊಂಡ ಪಾತ್ರವದು. ಹರೆಯದ ಸಣ್ಣ ತಪ್ಪಿಗೆ ಬಾಳೆಲ್ಲ ಮುದ್ರೆ ಒತ್ತಬಾರದೆಂಬುದು ಅವರ ಭಾವ.

ಹೀಗೆ ಭಿನ್ನವಾಗಿ ಹರಿಯುತ್ತಿದ್ದ ತೀರ್ಪುಗಳನ್ನು ಒಂದು ಪಾತ್ರಕ್ಕೆ ತಂದದ್ದು ೨೦೧೬ರ ಜುಲೈ ೨೧ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅವತಾರ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪು. ಅದರ ಮುಖ್ಯಾಂಶಗಳನ್ನು ಸರಳವಾಗಿ ಹೇಳಬಹುದು. ಕೊಟ್ಟ ಮಾಹಿತಿ ಸತ್ಯವಾಗಿರಬೇಕು. ಹರೆಯದಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಹೇಳದೆ ಬಿಟ್ಟಿದ್ದರೆ ಅಧಿಕಾರಿ ಅದನ್ನು ಮನ್ನಿಸಬಹುದು. ಗಂಭೀರ ಅಪರಾಧವನ್ನು ಮರೆಮಾಚಿದ್ದರೆ ನೇಮಕಾತಿ ರದ್ದುಮಾಡಬಹುದು. ಸತ್ಯವನ್ನೇ ಹೇಳಿದರೂ, ಪೂರ್ವಾಪರಗಳನ್ನು ತೂಗಿನೋಡುವ ಅಧಿಕಾರ ನೇಮಕ ಮಾಡುವವರಿಗೆ ಉಳಿದೇ ಇರುತ್ತದೆ. ಪ್ರಶ್ನೆ ಸ್ಪಷ್ಟವಾಗಿರಬೇಕು, ಕೇಳದ ಸಂಗತಿಯನ್ನು ಹೇಳಲಿಲ್ಲವೆಂದು ಯಾರನ್ನೂ ದೂಷಿಸಲಾಗದು. ಸಂಗತಿ ಅಭ್ಯರ್ಥಿಗೆ ತಿಳಿದಿತ್ತು ಎಂಬುದು ಖಚಿತವಾಗದೆ ಅವನು ಮರೆಮಾಚಿದನೆನ್ನುವಂತಿಲ್ಲ. ನೌಕರಿ ಖಾಯಂ ಆದವನನ್ನು ಇಲಾಖಾ ವಿಚಾರಣೆಯಿಲ್ಲದೆ ತೆಗೆಯುವಂತಿಲ್ಲ. ಮರೆಮಾಚಿದ್ದು ಕಂಡಿತೆಂದ ಮಾತ್ರಕ್ಕೆ ಯಾಂತ್ರಿಕವಾಗಿ ಕೆಲಸದಿಂದ ತೆಗೆದುಹಾಕುವುದು ಸಲ್ಲದೆಂದು ೨೦೨೨ರ ಮೇ ತಿಂಗಳಿನಲ್ಲಿ, ರೈಲ್ವೆ ರಕ್ಷಣಾ ದಳದ ಅಭ್ಯರ್ಥಿಯೊಬ್ಬನ ಪ್ರಕರಣದಲ್ಲಿ, ನ್ಯಾಯಾಲಯ ಮತ್ತೆ ಹೇಳಿತು.

ರೈತ ಚಳವಳಿಗಳ ನೆಲವಾದ ನಮ್ಮ ಜಿಲ್ಲೆಗೆ ಇದು ಸಮಾಧಾನದ ಮಾತು. ೨೦೦೮ರ ಜೂನಿನಲ್ಲಿ ಗೊಬ್ಬರಕ್ಕಾಗಿ ಹಾವೇರಿಯಲ್ಲಿ ರೈತರು ಬೀದಿಗಿಳಿದು ಗೋಲಿಬಾರಾದ ಸಂಗತಿ ಯಾರಿಗೂ ಮರೆತಿಲ್ಲ. ಮೆರವಣಿಗೆಯಲ್ಲಿ ನಡೆದವನ ಮೇಲೆ ಮೊಕದ್ದಮೆ ಬೀಳುವುದು ಹೊಸದಲ್ಲ. ಅದನ್ನು ಇದ್ದಂತೆ ಬರೆದವನಿಗೆ ನ್ಯಾಯದ ಬಾಗಿಲು ತೆರೆದಿದೆ. ಇಲ್ಲವೆಂದು ಬರೆದವನು ಆ ಬಾಗಿಲನ್ನು ತಾನೇ ಅರ್ಧ ಮುಚ್ಚಿಕೊಂಡಂತೆ.

ಸಾಲಕ್ಕಿಂತ ಸುಳ್ಳು ದೊಡ್ಡ ದೋಷವೇಕೆಂಬುದು ಇಷ್ಟು ಹೊತ್ತಿಗೆ ತಿಳಿದಿರಬೇಕು. ಬಹಿರಂಗವಾದ ಸಾಲದಿಂದ ಯಾರೂ ಯಾರನ್ನೂ ಹೆದರಿಸಲಾರರು. ‘ನಿನ್ನ ಸಾಲದ ವಿಷಯ ಮೇಲಧಿಕಾರಿಗೆ ಹೇಳುತ್ತೇನೆ’ ಎಂದು ಬೆದರಿಸುವವನಿಗೆ, ‘ಅವರಿಗೆ ಆಗಲೇ ಹೇಳಿದ್ದೇನೆ’ ಎಂಬ ಉತ್ತರ ಸಾಕು. ಅಲ್ಲಿಗೆ ಅವನ ಕೈಯಿಂದ ಜುಟ್ಟು ಜಾರಿತು. ಮುಚ್ಚಿಟ್ಟ ಸಾಲ ಹಾಗಲ್ಲ. ಅದು ತೀರಿದ ಮೇಲೂ ಮುಚ್ಚಿಟ್ಟದ್ದೇ ಒಂದು ಹೊಸ ಋಣವಾಗಿ ಉಳಿಯುತ್ತದೆ. ಅದನ್ನು ಬಲ್ಲವನು ಯಾವನೇ ಇರಲಿ, ಅವನೇ ಹೊಸ ಧಣಿ. ಸಾಲ ಹಣದಿಂದ ತೀರುತ್ತದೆ. ಈ ಎರಡನೆಯ ಋಣ ತೀರುವುದು ಸತ್ಯವೊಂದರಿಂದಲೇ. ಅಲ್ಲದೆ, ಪರಿಶೀಲಕನ ಮುಂದೆ ಇರುವುದೆಲ್ಲ ಅಭ್ಯರ್ಥಿಯ ಮಾತು. ಒಂದು ಮಾತು ಸುಳ್ಳಾದರೆ ಉಳಿದವುಗಳ ಬೆಲೆ ಎಷ್ಟು ಎಂದು ಅವನು ಹೇಗೆ ತಿಳಿಯಬೇಕು?

ಬಡತನವೇ ಅಪರಾಧವೆ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಧಿಕಾರಿಗಳು ಇದನ್ನು ಎಂದೂ ಮರೆಯಬಾರದು. ಏಮ್ಸ್ ಬಡವನಾಗಿರಲಿಲ್ಲ, ಒಳ್ಳೆಯ ಸಂಬಳದ ಅಧಿಕಾರಿಯಾಗಿದ್ದ. ದೇಶದ ಗುಟ್ಟನ್ನು ಮಾರುವವರು ಹಸಿದವರೇ ಎಂದು ಎಣಿಸುವುದಕ್ಕೆ ಆಧಾರವಿಲ್ಲ. ಅಳೆಯಬೇಕಾದುದು ಬಡತನವನ್ನಲ್ಲ, ಕಷ್ಟದಲ್ಲಿ ಮನುಷ್ಯ ನಡೆದುಕೊಂಡ ರೀತಿಯನ್ನು. ಪರೀಕ್ಷಿಸುವವನಿಗೂ ಸತ್ಯದ ಹೊಣೆ ಉಂಟು. ನಿರ್ದೋಷಿಯನ್ನು ಪರೀಕ್ಷೆಯೇ ಕೆಡಿಸಬಾರದೆಂದು ಕೌಟಿಲ್ಯನೂ ಎಚ್ಚರಿಸಿದ್ದಾನೆ. ೧೯೯೪ರಲ್ಲಿ ಇಸ್ರೋ ವ್ಯೋಮವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ಆಧಾರವಿಲ್ಲದ ಗೂಢಚರ್ಯೆಯ ಆರೋಪದಲ್ಲಿ ಬಂಧಿಸಲಾಯಿತು. ೨೦೧೮ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅವರಿಗೆ ೫೦ ಲಕ್ಷ ರೂಪಾಯಿ ಪರಿಹಾರ ವಿಧಿಸಿತು. ಆ ಇಪ್ಪತ್ತನಾಲ್ಕು ವರ್ಷಗಳನ್ನು ಯಾವ ಪರಿಹಾರವೂ ಮರಳಿ ಕೊಡಲಾರದು. ಅನುಮಾನವು ಸಾಕ್ಷ್ಯವನ್ನು ಮೀರಿ ನಡೆದರೆ ಅದು ಕೂಡ ಒಂದು ಬಗೆಯ ಅಪ್ರಾಮಾಣಿಕತೆಯೇ.

ಕೊನೆಯದಾಗಿ ತರುಣರಿಗೂ ಅವರ ತಂದೆತಾಯಿಗಳಿಗೂ ಕೆಲವು ಪ್ರಯೋಜನದ ಮಾತು. ನಮೂನೆಯನ್ನು ಪೂರ್ತಿಯಾಗಿ ಓದಿ, ಕೇಳಿದ್ದಕ್ಕೆ ಕೇಳಿದಷ್ಟು ಸತ್ಯವನ್ನು ಬರೆಯಿರಿ. ಮೊಕದ್ದಮೆ ಇದ್ದಲ್ಲಿ ಅದರ ಸಂಖ್ಯೆ, ನ್ಯಾಯಾಲಯ, ಈಗಿನ ಸ್ಥಿತಿ, ತೀರ್ಪಿನ ನಕಲು ಇವನ್ನು ಮೊದಲೇ ಸಂಗ್ರಹಿಸಿ. ರಾಜಿಯಾಗಿದೆ, ಖುಲಾಸೆಯಾಗಿದೆ ಎಂಬ ಕಾರಣಕ್ಕೆ ಬರೆಯದೆ ಬಿಡಬೇಡಿ. ‘ಎಂದಾದರೂ ಬಂಧನವಾಗಿತ್ತೆ’ ಎಂಬ ಪ್ರಶ್ನೆಗೆ ಖುಲಾಸೆ ಉತ್ತರವಲ್ಲ. ಬರೆದದ್ದರಲ್ಲಿ ತಪ್ಪು ಕಂಡರೆ ಯಾರೂ ಕೇಳುವ ಮುನ್ನವೇ ಲಿಖಿತವಾಗಿ ತಿಳಿಸಿ, ಅದರ ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಸ್ವಂತ ಹೆಸರಿನ ಸಾಲ ತೀರಿದಾಗ ಬೇಬಾಕಿ ಪತ್ರವನ್ನು ತಪ್ಪದೆ ಪಡೆಯಿರಿ. ಸಾಲಚರಿತ್ರೆಯ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕು ೨೦೧೭ರಿಂದ ಕಡ್ಡಾಯ ಮಾಡಿದೆ. ತರಿಸಿ ನೋಡಿ, ತಪ್ಪಿದ್ದರೆ ತಿದ್ದಿಸಿ. ಕಟ್ಟಲಾಗದ ಕಂತಿದ್ದರೆ ಬ್ಯಾಂಕಿಗೆ ತಲೆಮರೆಸಿಕೊಳ್ಳದೆ ಹೋಗಿ ಮಾತಾಡಿ. ಜಾಮೀನು ಹಾಕುವ ಮುನ್ನ, ಅದು ನಿಮ್ಮದೇ ಸಾಲವಾಗಬಹುದೆಂದು ತಿಳಿದು ಹಾಕಿ. ನೌಕರಿ ಸಿಕ್ಕ ಮೇಲೆ, ಕಷ್ಟ ಬಂದಾಗ ಮೊದಲು ತಿಳಿಯಬೇಕಾದವರು ನಿಮ್ಮ ಮೇಲಧಿಕಾರಿಗಳು. ಫೋನಿನಲ್ಲಿ ಪರಿಚಯವಾಗಿ ತಾನಾಗಿಯೇ ನೆರವು ನೀಡಲು ಬರುವ ಅಪರಿಚಿತನಿಗೆ ಆ ಕಷ್ಟ ತಿಳಿಯುವುದೇ ಬೇಡ.

ಮಗನನ್ನು ಸೈನ್ಯಕ್ಕೋ ಪೊಲೀಸಿಗೋ ಕಳಿಸುವ ಒಕ್ಕಲಿಗನ ಮನೆಯಲ್ಲಿ ಸಾಲವಿರುವುದು ನಾಚಿಕೆಗೇಡಲ್ಲ. ಆ ಮನೆಯಲ್ಲಿ ಪೈಸೆ ಪೈಸೆಗೆ ಲೆಕ್ಕವಿಟ್ಟು, ಸುಗ್ಗಿಗೆ ಕಂತು ಕಟ್ಟಿ, ಕಟ್ಟಲಾಗದ ವರ್ಷ ಸೊಸೈಟಿಯ ಬಾಗಿಲಿಗೆ ಹೋಗಿ ‘ಈ ಸಲ ಆಗಲಿಲ್ಲರೀ’ ಎಂದು ನೇರವಾಗಿ ಹೇಳುವ ತಂದೆಯನ್ನು ಕಂಡು ಬೆಳೆದ ಹುಡುಗ, ಯಾವ ಗುಟ್ಟನ್ನಾದರೂ ಒಪ್ಪಿಸಬಹುದಾದವನು. ಅವನಿಗೆ ಬೇರೆ ಪಾಠ ಬೇಕಾಗಿಲ್ಲ. ತಂದೆ ಸೊಸೈಟಿಯಲ್ಲಿ ಹೇಳಿದ ಹಾಗೆಯೇ ಮಗನು ನಮೂನೆಯಲ್ಲಿ ಬರೆದರೆ ಸಾಕು.